93 ಯಾರ್ಡ್ ಮತ್ತು ಒಂದು ಗೆಲುವು: ಕೇಲಬ್ ವಿಲಿಯಮ್ಸ್ ಅವರ ಮೊದಲ ಪಂದ್ಯವನ್ನು ಶಿಕಾಗೋ ಅಳೆದ ಬಗೆ

2024ರ ಸೆಪ್ಟೆಂಬರ್ 8, ಭಾನುವಾರ. ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ಬೇರ್ಸ್ ತಂಡ ಟೆನೆಸ್ಸಿ ಟೈಟನ್ಸ್ ತಂಡವನ್ನು 24-17ರಿಂದ ಸೋಲಿಸಿತು. 22 ವರ್ಷದ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ ಅವರಿಗೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಅದು ಮೊದಲ ಪಂದ್ಯ. ಅವರು ಎಸೆದದ್ದು 29 ಪಾಸ್. ಜೊತೆಗಾರರ ಕೈ ಸೇರಿದ್ದು 14. ಬಂದದ್ದು 93 ಯಾರ್ಡ್. ಟಚ್‌ಡೌನ್, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿಸಿ ಗಳಿಸುವ ಆರು ಅಂಕ, ಒಂದೂ ಇಲ್ಲ. ಎದುರಾಳಿಯ ಕೈಗೆ ಕೊಟ್ಟ ಚೆಂಡೂ ಒಂದಿಲ್ಲ.

ಪಂದ್ಯ ಮುಗಿದ ಕೂಡಲೇ ಊರಿಡೀ ಒಂದೇ ಪ್ರಶ್ನೆ. ಹುಡುಗ ಹೇಗೆ ಆಡಿದ? ಗೆದ್ದವರ ಊರಿನಲ್ಲಿ ಇಷ್ಟು ಗೊಂದಲದ ಉತ್ತರಗಳು ಬಂದದ್ದು ಕಡಿಮೆ. ಶಿಕಾಗೋ ಸುತ್ತಮುತ್ತಲ ಊರುಗಳಲ್ಲಿ ನಮ್ಮ ಕನ್ನಡದ ಮನೆಗಳೂ ಸಾಕಷ್ಟಿವೆ. ಅಪ್ಪ ಅಮ್ಮ ಕ್ರಿಕೆಟ್ ನೋಡಿ ಬೆಳೆದವರು, ಮಕ್ಕಳು ಬೇರ್ಸ್ ಜೆರ್ಸಿ ಹಾಕಿ ಬೆಳೆಯುತ್ತಿರುವವರು. ಆ ಸಂಜೆ ಪರಿಚಯದ ಹುಡುಗನೊಬ್ಬ ಸಿಕ್ಕಿ ಕೇಳಿದ: "ಅಂಕಲ್, ಗೆದ್ದಿದೀವಿ ಅಲ್ವಾ? ಮತ್ತೆ ಎಲ್ಲರೂ ಯಾಕೆ ಬೇಜಾರಲ್ಲಿದಾರೆ?" ಅವನ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿತು.

ಆ ದಿನ ಎಲ್ಲರ ಕಣ್ಣು ಬಿದ್ದದ್ದು ಎರಡು ಅಂಕಿಗಳ ಮೇಲೆ, 24-17 ಮತ್ತು 93. ನನ್ನ ಪ್ರಕಾರ ಮುಖ್ಯವಾದ ವಿಷಯ ಮೂರನೇ ಸಾಲಿನಲ್ಲಿತ್ತು. ಎರಡು ಸ್ಯಾಕ್, 29 ಯಾರ್ಡ್ ನಷ್ಟ. ಅದರ ಬಗ್ಗೆ ಮಾತಾಡಿದವರು ತೀರಾ ಕಡಿಮೆ.

ಆಟ ಅಷ್ಟಾಗಿ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಇರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಮುಂದೆ ಸಾಗಿಸುವವರು ಆಫೆನ್ಸ್, ತಡೆಯುವವರು ಡಿಫೆನ್ಸ್. ಸಾಮಾನ್ಯವಾಗಿ ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಪಂಟ್ ಮಾಡಿ, ಅಂದರೆ ಚೆಂಡನ್ನು ದೂರಕ್ಕೆ ಒದ್ದು, ಎದುರಾಳಿಗೆ ಬಿಟ್ಟುಕೊಡುತ್ತಾರೆ. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಎಸೆಯಬೇಕು, ಎಸೆಯಬೇಕೋ ಬೇಡವೋ ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅವರನ್ನು ಕಾಯಲು ಮುಂದೆ ಐದು ಜನರ ಆಫೆನ್ಸಿವ್ ಲೈನ್ ಇರುತ್ತದೆ. ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ಅದು ಇಂಟರ್ಸೆಪ್ಶನ್. ಎಸೆಯುವ ಮೊದಲೇ ಎದುರಾಳಿ ಬಂದು ಕೆಡವಿದರೆ ಸ್ಯಾಕ್. ಬಿದ್ದ ಜಾಗದಿಂದಲೇ ಮುಂದಿನ ಆಟ ಶುರುವಾಗುತ್ತದೆ. ಹಿಂದೆ ಸರಿದಷ್ಟೂ ನಷ್ಟ.

ಈ ಊರಿಗೆ ಕ್ವಾರ್ಟರ್‌ಬ್ಯಾಕ್ ಅಂದರೆ ಯಾಕಿಷ್ಟು ಆತಂಕ

ಬೇರ್ಸ್ 1920ರಿಂದ ಇರುವ ತಂಡ. ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದದ್ದು ಒಂದೇ ಸಲ, 1986ರ ಜನವರಿಯಲ್ಲಿ. ಅದನ್ನು ಗೆದ್ದುಕೊಟ್ಟದ್ದು ಡಿಫೆನ್ಸ್ ಎಂದು ಊರಿನ ಮಕ್ಕಳಿಗೂ ಗೊತ್ತು. ಕ್ವಾರ್ಟರ್‌ಬ್ಯಾಕ್ ವಿಷಯಕ್ಕೆ ಬಂದರೆ ಹಿರಿಯರು ಇಂದಿಗೂ 1940ರ ದಶಕದ ಸಿಡ್ ಲಕ್‌ಮನ್ ಹೆಸರು ಹೇಳುತ್ತಾರೆ. ವಿಲಿಯಮ್ಸ್ ಬರುವ ಹೊತ್ತಿಗೆ ಒಂದು ಋತುವಿನಲ್ಲಿ 4,000 ಯಾರ್ಡ್ ಎಸೆದ ಆಟಗಾರನೇ ಇಲ್ಲದ ತಂಡ 32ರಲ್ಲಿ ಇದೊಂದೇ. 1995ರಲ್ಲಿ ಎರಿಕ್ ಕ್ರೇಮರ್ ಎಸೆದ 3,838 ಯಾರ್ಡ್‌ಗಳೇ ತಂಡದ ದಾಖಲೆಯಾಗಿ ಉಳಿದಿತ್ತು.

ಇದರ ಮೇಲೆ 2017ರ ಗಾಯ. ಆ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, ಬೇರ್ಸ್ ಎರಡನೇ ಸ್ಥಾನದಲ್ಲಿ ಮಿಚ್ ಟ್ರುಬಿಸ್ಕಿ ಅವರನ್ನು ಆರಿಸಿತು. ಪ್ಯಾಟ್ರಿಕ್ ಮಹೋಮ್ಸ್ ಹತ್ತನೇ ಸ್ಥಾನದಲ್ಲಿ ಕ್ಯಾನ್ಸಸ್ ಸಿಟಿಗೆ ಹೋದರು. ಮಹೋಮ್ಸ್ ಒಂದೊಂದು ಸೂಪರ್ ಬೌಲ್ ಗೆದ್ದಾಗಲೂ ಶಿಕಾಗೋದಲ್ಲಿ ಆ ರಾತ್ರಿಯ ಮಾತು ಬರುತ್ತದೆ.

ಆಮೇಲೆ 2021ರಲ್ಲಿ ಜಸ್ಟಿನ್ ಫೀಲ್ಡ್ಸ್ ಬಂದರು. ಜನ ಅವರನ್ನು ನಿಜವಾಗಿ ಪ್ರೀತಿಸಿದರು. ಅವರ ಓಟ ನೋಡಲು ಚೆಂದ. ಆದರೆ 2022ರಲ್ಲಿ ಅವರು 55 ಸಲ ಸ್ಯಾಕ್ ಆದರು. ಇದು ಲೈನ್ ತಪ್ಪೋ, ಫೀಲ್ಡ್ಸ್ ಚೆಂಡನ್ನು ಜಾಸ್ತಿ ಹೊತ್ತು ಹಿಡಿದುಕೊಳ್ಳುವ ತಪ್ಪೋ ಎಂದು ಊರು ಮೂರು ವರ್ಷ ಜಗಳವಾಡಿತು. ಜಗಳ ತೀರಲೇ ಇಲ್ಲ. 2024ರ ಮಾರ್ಚ್‌ನಲ್ಲಿ ಫೀಲ್ಡ್ಸ್ ಅವರನ್ನು ಪಿಟ್ಸ್‌ಬರ್ಗ್‌ಗೆ ಕಳಿಸಿದಾಗ ಆ ಜಗಳವೂ ಅರ್ಧಕ್ಕೇ ನಿಂತಿತು. ವಿಲಿಯಮ್ಸ್ ಬಂದಾಗ ಅದೇ ಜಗಳ ಹೊಸ ಹೆಸರಿನಲ್ಲಿ ಮುಂದುವರಿಯಿತು. ಈ ಹಿನ್ನೆಲೆ ಬಿಟ್ಟು ಸೆಪ್ಟೆಂಬರ್ 8ರ ಮಾತುಗಳನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ.

ವಿಲಿಯಮ್ಸ್ ಬಂದ ದಾರಿಯೂ ವಿಶೇಷವೇ. 2022ರಲ್ಲಿ 3-14 ಆಡಿ, ಅಂದರೆ 3 ಗೆದ್ದು 14 ಸೋತು, ಲೀಗ್‌ನಲ್ಲಿ ಕೊನೆಗೆ ನಿಂತಿದ್ದರಿಂದ ಬೇರ್ಸ್‌ಗೆ 2023ರ ಮೊದಲ ಆಯ್ಕೆ ಸಿಕ್ಕಿತ್ತು. ಅದನ್ನು ಕ್ಯಾರೊಲಿನಾ ಪ್ಯಾಂಥರ್ಸ್‌ಗೆ ಕೊಟ್ಟು, ರಿಸೀವರ್ (ಪಾಸ್ ಹಿಡಿಯುವ ಆಟಗಾರ) ಡಿ.ಜೆ. ಮೂರ್ ಜೊತೆಗೆ ಮುಂದಿನ ವರ್ಷಗಳ ಆಯ್ಕೆಗಳನ್ನೂ ಪಡೆಯಿತು. ಕ್ಯಾರೊಲಿನಾ 2023ರಲ್ಲಿ 2-15 ಆಡಿತು. ಹಾಗಾಗಿ 2024ರ ಮೊದಲ ಆಯ್ಕೆ ಮತ್ತೆ ಶಿಕಾಗೋ ಕೈಗೇ ಬಂತು. ಯುಎಸ್‌ಸಿ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 2022ರಲ್ಲಿ ಗೆದ್ದಿದ್ದ ವಿಲಿಯಮ್ಸ್ ಅವರನ್ನು ಬೇರ್ಸ್ ಆರಿಸಿತು. ಕಾಲೇಜಿನಲ್ಲಿ ಅವರು ಹೆಸರು ಮಾಡಿದ್ದು ತಪ್ಪಿಸಿಕೊಳ್ಳುವ ಆಟದಿಂದ. ನಾಲ್ಕು ಜನ ಮೈಮೇಲೆ ಬರುತ್ತಿದ್ದರೂ ಹಿಂದೆ ಸರಿದು, ಪಕ್ಕಕ್ಕೆ ಓಡಿ, ಕೊನೆ ಗಳಿಗೆಯಲ್ಲಿ ದೂರಕ್ಕೆ ಎಸೆಯುವುದು. ಆ ವೀಡಿಯೋಗಳನ್ನು ಶಿಕಾಗೋ ಅಭಿಮಾನಿಗಳು ಬೇಸಿಗೆಯಿಡೀ ನೋಡಿ ನೋಡಿ ಖುಷಿಪಟ್ಟಿದ್ದರು.

ಪಂದ್ಯದಲ್ಲಿ ನಡೆದದ್ದು

ಟೈಟನ್ಸ್ 17-0 ಮುಂದೆ ಹೋಯಿತು. ಬೇರ್ಸ್ ಆಫೆನ್ಸ್ ಮುಂದೆ ಸಾಗುವುದೇ ಕಷ್ಟವಾಗಿತ್ತು. ವಿಲಿಯಮ್ಸ್ ಎಸೆದ ಕೆಲವು ಚೆಂಡು ರಿಸೀವರ್‌ಗಳ ತಲೆಯ ಮೇಲೆ ಹೋದವು. ಕೆಲವು ಸಲ ಅವರು ಕಾದರು, ಕಾದರು, ಕೊನೆಗೆ ಏನೂ ಆಗಲಿಲ್ಲ.

ತಂಡವನ್ನು ಎತ್ತಿದ್ದು ಉಳಿದವರು. ಡಿಆಂಡ್ರೆ ಕಾರ್ಟರ್ ಒಂದು ಕಿಕ್‌ಆಫ್ ಹಿಡಿದು 67 ಯಾರ್ಡ್ ಓಡಿದರು. ಡೇನಿಯಲ್ ಹಾರ್ಡಿ ಎದುರಾಳಿಯ ಪಂಟ್ ತಡೆದರು, ಆ ಚೆಂಡನ್ನು ಎತ್ತಿಕೊಂಡು ಜೊನಾಥನ್ ಓವೆನ್ಸ್ 21 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು. ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರ ಪತಿ ಎಂದರೆ ಈ ಓವೆನ್ಸ್ ಯಾರೆಂದು ನಮ್ಮ ಕಡೆಯವರಿಗೂ ಗೊತ್ತಾಗುತ್ತದೆ. ಕೈರೋ ಸಾಂಟೋಸ್ ಮೂರು ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದರೆ ತಲಾ ಮೂರು ಅಂಕ) ಒದ್ದರು. ನಾಲ್ಕನೇ ಕ್ವಾರ್ಟರ್‌ನಲ್ಲಿ ಟೈಟನ್ಸ್‌ನ ಕ್ವಾರ್ಟರ್‌ಬ್ಯಾಕ್ ವಿಲ್ ಲೆವಿಸ್ ಕೆಳಗೆ ಬೀಳುತ್ತಲೇ ಚೆಂಡನ್ನು ಹೇಗೋ ಎಸೆದುಬಿಟ್ಟರು. ಟೈರೀಕ್ ಸ್ಟೀವನ್ಸನ್ ಅದನ್ನು ಹಿಡಿದು 43 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು. ಟಚ್‌ಡೌನ್ ನಂತರ ಸಿಗುವ ಎರಡು ಅಂಕದ ಪ್ರಯತ್ನವೂ ಫಲಿಸಿತು. 24-17.

ಅಂದರೆ ಬೇರ್ಸ್ ಆಫೆನ್ಸ್ ಒಂದೂ ಟಚ್‌ಡೌನ್ ಮಾಡದೆ ತಂಡ ಗೆದ್ದಿತು. ಇಡೀ ಪಂದ್ಯದಲ್ಲಿ ಆಫೆನ್ಸ್ ಗಳಿಸಿದ್ದು ಒಟ್ಟು 148 ಯಾರ್ಡ್.

ಅಭಿಮಾನಿಗಳ ತೀರ್ಪುಗಳು

ನನ್ನ ಸುತ್ತ ಕೇಳಿಸಿದ ಮಾತುಗಳಲ್ಲಿ ಮೊದಲನೆಯದು ಗೆಲುವಿನ ಮಾತು. ಗೆದ್ದಾಯ್ತು, ಇನ್ನೇನು ಬೇಕು? ಇದಕ್ಕೆ ಒಳ್ಳೆಯ ಆಧಾರವೂ ಸಿಕ್ಕಿತ್ತು. ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್ ತನ್ನ ಮೊದಲ ಋತುವಿನ ಮೊದಲ ವಾರದಲ್ಲೇ ಆಡಿ ಗೆದ್ದದ್ದು 2002ರ ನಂತರ ಇದೇ ಮೊದಲು. ಆಗ ಗೆದ್ದವರು ಹ್ಯೂಸ್ಟನ್ ಟೆಕ್ಸನ್ಸ್‌ನ ಡೇವಿಡ್ ಕಾರ್. ನಡುವಿನ ವರ್ಷಗಳಲ್ಲಿ ಕ್ಯಾಮ್ ನ್ಯೂಟನ್ 2011ರಲ್ಲಿ ಮೊದಲ ಪಂದ್ಯದಲ್ಲೇ 422 ಯಾರ್ಡ್ ಎಸೆದು ಸೋತಿದ್ದರು. 2012ರಲ್ಲಿ ಆಂಡ್ರೂ ಲಕ್ ಇದೇ ಸೋಲ್ಜರ್ ಫೀಲ್ಡ್‌ನಲ್ಲಿ ಬೇರ್ಸ್ ಎದುರು 41-21ರಿಂದ ಸೋತಿದ್ದರು. ಅಂಥವರಿಗೇ ಆಗದ್ದು ನಮ್ಮ ಹುಡುಗನಿಗೆ ಆಯ್ತಲ್ಲ ಎಂಬ ಹೆಮ್ಮೆ.

ಈ ಮಾತಿನಲ್ಲಿ ತಂಡದ ಸಂತೋಷ ಇದೆ, ಅದು ನ್ಯಾಯವಾದದ್ದೇ. ಆದರೆ ನ್ಯೂಟನ್ ಉದಾಹರಣೆಯೇ ಈ ವಾದವನ್ನು ಬೀಳಿಸುತ್ತದೆ. 422 ಯಾರ್ಡ್ ಎಸೆದವರು ಸೋತರು, 93 ಎಸೆದವರು ಗೆದ್ದರು. ಇಷ್ಟು ವ್ಯತ್ಯಾಸ ಇದ್ದಮೇಲೆ ಗೆಲುವು ಆ ಹುಡುಗನ ಆಟದ ಬಗ್ಗೆ ಏನನ್ನು ಹೇಳುತ್ತದೆ?

ಎರಡನೇ ಗುಂಪು ಅಂಕಿ ಹಿಡಿದು ಕೂತವರದ್ದು. 93 ಯಾರ್ಡ್ ಎಂದರೆ ನಾಚಿಕೆ, ಇವನಿಗೋಸ್ಕರ ಫೀಲ್ಡ್ಸ್ ಅವರನ್ನು ಕಳಿಸಿದೆವಾ ಎಂಬ ಸಿಟ್ಟು. ಅದೇ ದಿನ ಪಿಟ್ಸ್‌ಬರ್ಗ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಗಾಯಗೊಂಡಿದ್ದರಿಂದ ಫೀಲ್ಡ್ಸ್ ಆಡಿದರು. 23ರಲ್ಲಿ 17 ಪಾಸ್, 156 ಯಾರ್ಡ್. ಅಟ್ಲಾಂಟಾ ವಿರುದ್ಧ 18-10 ಗೆಲುವು. ಆ 18 ಅಂಕವೂ ಕ್ರಿಸ್ ಬಾಸ್ವೆಲ್ ಒದ್ದ ಆರು ಫೀಲ್ಡ್ ಗೋಲ್‌ಗಳಿಂದಲೇ ಬಂದದ್ದು. ಅಂದರೆ ಹಳೆಯ ಹುಡುಗ, ಹೊಸ ಹುಡುಗ ಇಬ್ಬರೂ ತಮ್ಮ ಆಫೆನ್ಸ್ ಟಚ್‌ಡೌನ್ ಮಾಡದೆ ಗೆದ್ದರು. ಆದರೂ ಫೀಲ್ಡ್ಸ್ ಪರ ಇದ್ದವರಿಗೆ ಒಂದು ಗೆಲುವು ಸಾಕ್ಷಿಯಾಗಿ ಕಂಡಿತು, ಇನ್ನೊಂದು ಅದೃಷ್ಟವಾಗಿ ಕಂಡಿತು. ಹಳೆಯ ಪ್ರೀತಿ ಇರುವ ಕಡೆ ಅಳತೆಗೋಲು ಬದಲಾಗುತ್ತದೆ. ಅದನ್ನು ನಾನು ತಪ್ಪು ಅನ್ನುವುದಿಲ್ಲ, ಆದರೆ ಅದು ಅಳತೆಯಲ್ಲ.

ಮೂರನೆಯವರು ಹೊಣೆಯನ್ನು ಬೇರೆಯವರ ಮೇಲೆ ಹಾಕಿದವರು. ಲೈನ್ ಸರಿ ಇಲ್ಲ. ಆಫೆನ್ಸ್ ಕೋಚ್ ಶೇನ್ ವಾಲ್ಡ್ರನ್ ಕೊಟ್ಟ ಆಟಗಳೇ ಸರಿ ಇಲ್ಲ. ರಿಸೀವರ್‌ಗಳು ಹೊಂದಿಕೊಂಡಿಲ್ಲ. ಇದರಲ್ಲಿ ಸತ್ಯದ ಪಾಲು ದೊಡ್ಡದು. ಮುಂದೆ ನಡೆದದ್ದು ಅದನ್ನು ತೋರಿಸಿತು. ಆದರೆ ಆ ದಿನ ಈ ವಾದ ಬಂದದ್ದು ನೋಡಿದ್ದರಿಂದ ಅಲ್ಲ, ಹುಡುಗನನ್ನು ಕಾಪಾಡುವ ಆಸೆಯಿಂದ. ಹಾಗಾಗಿ ಯಾವ ಆಟದಲ್ಲಿ ಲೈನ್ ತಪ್ಪು, ಯಾವುದರಲ್ಲಿ ಹುಡುಗನ ತಪ್ಪು ಎಂದು ಬಿಡಿಸಿ ಹೇಳಿದವರು ಕಡಿಮೆ.

ಇವರೆಲ್ಲರೂ ಒಪ್ಪಿದ ಮಾತು ಒಂದಿತ್ತು. ಕಟು ಟೀಕೆ ಮಾಡಿದವರೂ ಕೊನೆಗೆ ಅದನ್ನೇ ಹೇಳುತ್ತಿದ್ದರು. ಏನೇ ಆಗಲಿ, ಇಂಟರ್ಸೆಪ್ಶನ್ ಕೊಡಲಿಲ್ಲವಲ್ಲ, ಚೆಂಡನ್ನು ಜೋಪಾನ ಮಾಡಿದ. ನಾನು ಒಪ್ಪದೇ ಇರುವುದು ಈ ಸಮಾಧಾನದ ಮಾತನ್ನು.

ಆ ಸಮಾಧಾನದ ಲೆಕ್ಕ

ಅಭಿಮಾನಿಗಳು ಪಂದ್ಯದ ಮರುದಿನ ನೋಡುವ ಅಂಕಿ ಪಾಸರ್ ರೇಟಿಂಗ್. ವಿಲಿಯಮ್ಸ್‌ಗೆ ಬಂದದ್ದು 55.7. ಅತಿ ಹೆಚ್ಚೆಂದರೆ 158.3 ಬರುತ್ತದೆ. ಈ 55.7 ಹೇಗೆ ಬಂತು ಎಂದು ಬಿಡಿಸಿ ನೋಡಿದರೆ ವಿಷಯ ತಿಳಿಯುತ್ತದೆ.

ರೇಟಿಂಗ್‌ನಲ್ಲಿ ನಾಲ್ಕು ಭಾಗಗಳಿವೆ. ಪಾಸ್ ಗುರಿ ಮುಟ್ಟಿದ ಪ್ರಮಾಣ, ಒಂದು ಪಾಸ್‌ಗೆ ಬಂದ ಯಾರ್ಡ್, ಟಚ್‌ಡೌನ್ ಪ್ರಮಾಣ, ಇಂಟರ್ಸೆಪ್ಶನ್ ಪ್ರಮಾಣ. ಪ್ರತಿ ಭಾಗಕ್ಕೂ ಗರಿಷ್ಠ 2.375. ನಾಲ್ಕನ್ನೂ ಕೂಡಿ, 6ರಿಂದ ಭಾಗಿಸಿ, 100ರಿಂದ ಗುಣಿಸುತ್ತಾರೆ. ವಿಲಿಯಮ್ಸ್‌ಗೆ ಗುರಿ ಮುಟ್ಟಿದ ಭಾಗದಿಂದ ಬಂದದ್ದು 0.91. ಯಾರ್ಡ್‌ನಿಂದ ಬಂದದ್ದು 0.05, ಅಂದರೆ ಹೆಚ್ಚುಕಮ್ಮಿ ಏನೂ ಇಲ್ಲ. ಟಚ್‌ಡೌನ್‌ನಿಂದ ಸೊನ್ನೆ. ಇಂಟರ್ಸೆಪ್ಶನ್ ಇಲ್ಲದ್ದಕ್ಕೆ ಪೂರ್ತಿ 2.375. ಒಟ್ಟು 3.34. ಅದರಲ್ಲಿ ನೂರಕ್ಕೆ 71 ಪಾಲು ಬಂದದ್ದು ಬರೀ ಚೆಂಡನ್ನು ಕಳೆದುಕೊಳ್ಳದೆ ಇದ್ದದ್ದಕ್ಕೆ. ಎದುರಾಳಿ ಲೆವಿಸ್ 32ರಲ್ಲಿ 19 ಪಾಸ್, 127 ಯಾರ್ಡ್, ಒಂದು ಟಚ್‌ಡೌನ್, ಎರಡು ಇಂಟರ್ಸೆಪ್ಶನ್‌ನೊಂದಿಗೆ 52.5ಕ್ಕೆ ನಿಂತರು. ಇಬ್ಬರ ನಡುವೆ ಇರುವುದು ಮೂರು ಅಂಕಕ್ಕಿಂತ ಕೊಂಚ ಜಾಸ್ತಿ ಅಷ್ಟೇ, ಒಬ್ಬರನ್ನು ಊರು ಬೈದಿತು, ಇನ್ನೊಬ್ಬರಿಗೆ ಚಪ್ಪಾಳೆ.

ಇದಕ್ಕಿಂತ ಮುಖ್ಯವಾದ ವಿಷಯ, ರೇಟಿಂಗ್‌ನಲ್ಲಿ ಸ್ಯಾಕ್‌ಗೆ ಜಾಗವೇ ಇಲ್ಲ. ಚೆಂಡು ಹಿಡಿದುಕೊಂಡು ಬಿದ್ದರೆ ಆ ಲೆಕ್ಕದಲ್ಲಿ ಆ ಆಟ ನಡೆದೇ ಇಲ್ಲ. ಹಾಗಾಗಿ ಅಪಾಯದ ಪಾಸ್ ಎಸೆಯದೆ, ಸುರಕ್ಷಿತ ಪಾಸ್‌ಗಾಗಿ ಕಾದು, ಕೊನೆಗೆ ಸ್ಯಾಕ್ ಆದವರಿಗೆ ರೇಟಿಂಗ್ ಶಿಕ್ಷೆ ಕೊಡುವುದಿಲ್ಲ. ಇಂಟರ್ಸೆಪ್ಶನ್ ಇಲ್ಲ ಎಂದು ಬಹುಮಾನವನ್ನೇ ಕೊಡುತ್ತದೆ.

ಈಗ ಸ್ಯಾಕ್ ಸೇರಿಸಿ ಲೆಕ್ಕ ಹಾಕೋಣ. 93ರಲ್ಲಿ 29 ಕಳೆದರೆ 64 ಯಾರ್ಡ್. 29 ಪಾಸ್, 2 ಸ್ಯಾಕ್ ಸೇರಿ 31 ಪ್ರಯತ್ನ. ಒಂದು ಪ್ರಯತ್ನಕ್ಕೆ ಎರಡು ಯಾರ್ಡ್‌ಗಿಂತ ಒಂದು ಕೂದಲು ಜಾಸ್ತಿ. ಮೂರು ಸಲ ಹೀಗೇ ಆಡಿದರೆ ಆರು ಯಾರ್ಡ್. ಬೇಕಾದದ್ದು ಹತ್ತು. ಪಂಟ್ ಮಾಡದೆ ಬೇರೆ ದಾರಿ ಇಲ್ಲ.

ಕ್ರಿಕೆಟ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ದಿನದ ಪಂದ್ಯದಲ್ಲಿ ರನ್ ಬೆನ್ನಟ್ಟುವಾಗ ಒಬ್ಬ ಹುಡುಗ ಔಟಾಗದೆ ಉಳಿಯುತ್ತಾನೆ, ಆದರೆ ಚೆಂಡು ತಿನ್ನುತ್ತಾನೆ. ವಿಕೆಟ್ ಕಾಲಂನಲ್ಲಿ ಅವನ ತಪ್ಪು ಕಾಣುವುದಿಲ್ಲ. ಬೇಕಾದ ರನ್ ರೇಟ್ ಏರಿದ್ದು ಮಾತ್ರ ಕಾಣುತ್ತದೆ, ಮತ್ತು ಆ ಒತ್ತಡಕ್ಕೆ ಔಟಾಗುವವರು ಬೇರೆಯವರು.

ಎರಡು ಸ್ಯಾಕ್ ಸಂಖ್ಯೆಯಲ್ಲಿ ಕಡಿಮೆಯೇ. ಆದರೆ ಎರಡೇ ಸ್ಯಾಕ್‌ಗೆ 29 ಯಾರ್ಡ್ ಹೋದದ್ದು ಮಾಮೂಲಿ ಅಲ್ಲ. ಸಾಮಾನ್ಯವಾಗಿ ಒಂದು ಸ್ಯಾಕ್‌ಗೆ ಆರೇಳು ಯಾರ್ಡ್ ಹೋಗುತ್ತದೆ. ಲೈನ್ ಮುರಿದು ಎದುರಾಳಿ ನೇರವಾಗಿ ನುಗ್ಗಿದರೆ ಕ್ವಾರ್ಟರ್‌ಬ್ಯಾಕ್ ನಿಂತ ಜಾಗದಲ್ಲೇ ಬೀಳುತ್ತಾರೆ, ನಷ್ಟ ಸಣ್ಣದು. ನಷ್ಟ ದೊಡ್ಡದಾಗುವುದು ಕ್ವಾರ್ಟರ್‌ಬ್ಯಾಕ್ ಹಿಂದೆ ಹಿಂದೆ ಓಡಿ ತಪ್ಪಿಸಿಕೊಳ್ಳಲು ನೋಡಿದಾಗ. ಬೇಸಿಗೆಯಿಡೀ ನಾವು ನೋಡಿ ಖುಷಿಪಟ್ಟ ಕಾಲೇಜಿನ ಆ ಆಟವೇ ಇಲ್ಲಿ 29 ಯಾರ್ಡ್ ಆಗಿ ಬಿತ್ತು. ಎನ್‌ಎಫ್‌ಎಲ್‌ನ ಡಿಫೆನ್ಸ್ ಆಟಗಾರರ ಓಟದ ಮುಂದೆ ಕಾಲೇಜಿನ ದಾರಿಗಳು ತೆರೆಯುವುದಿಲ್ಲ. ಮೊದಲ ಪಂದ್ಯದಲ್ಲೇ ಕಾಣುತ್ತಿದ್ದ ಗುರುತು ಇದು. ಗುರಿ ತಪ್ಪಿದ ಪಾಸ್‌ಗಳಿಗೆ ಹೊಸ ಜಾಗ, ಭಯ, ಅಭ್ಯಾಸದ ಕೊರತೆ ಎಲ್ಲವೂ ಕಾರಣ ಇರಬಹುದು. ಅವು ವಾರದಿಂದ ವಾರಕ್ಕೆ ಬದಲಾಗುತ್ತವೆ. ಚೆಂಡು ಬಿಡಲು ಒಪ್ಪದ ಗುಣ ಅಷ್ಟು ಬೇಗ ಬದಲಾಗುವುದಿಲ್ಲ.

ಡೇವಿಡ್ ಕಾರ್ ಹೆಸರು ಆ ವಾರ ಎಲ್ಲರ ಬಾಯಲ್ಲೂ ಇತ್ತು. ಅವರ ಟೆಕ್ಸನ್ಸ್ ಮೊದಲ ಪಂದ್ಯದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡವನ್ನು 19-10ರಿಂದ ಸೋಲಿಸಿದ್ದು 2002ರ ಸೆಪ್ಟೆಂಬರ್ 8ರಂದು, ತಾರೀಖು ಕೂಡ ಅದೇ. ಆದರೆ ಆ ಕತೆಯ ಉಳಿದ ಭಾಗವನ್ನು ಹೇಳಿದವರು ಕಡಿಮೆ. ಆ ಋತುವಿನಲ್ಲಿ ಕಾರ್ 76 ಸಲ ಸ್ಯಾಕ್ ಆದರು. ಒಂದು ಋತುವಿನಲ್ಲಿ ಅಷ್ಟು ಸಲ ಬಿದ್ದವರು ಎನ್‌ಎಫ್‌ಎಲ್‌ನಲ್ಲಿ ಇನ್ನೊಬ್ಬರಿಲ್ಲ. 2005ರಲ್ಲಿ ಮತ್ತೆ 68. ಮೊದಲ ಗೆಲುವಿನ ಸಿಹಿಯಲ್ಲಿ ಅಂದು ಹ್ಯೂಸ್ಟನ್ ನೋಡದೆ ಬಿಟ್ಟದ್ದು ಅದನ್ನೇ.

ಅದೇ ದಿನ ಆಡಿದ ಬೇರೆ ಹೊಸಬರು

ಹೋಲಿಕೆ ಮಾಡಬೇಕಾದರೆ ಅದೇ ದಿನದ ಇನ್ನಿಬ್ಬರು ರೂಕಿಗಳನ್ನು ನೋಡಬೇಕು. ವಾಷಿಂಗ್ಟನ್‌ನ ಜೇಡನ್ ಡೇನಿಯಲ್ಸ್ ಟ್ಯಾಂಪಾದಲ್ಲಿ 24ರಲ್ಲಿ 17 ಪಾಸ್, 184 ಯಾರ್ಡ್ ಎಸೆದರು. ಓಡಿ ಎರಡು ಟಚ್‌ಡೌನ್ ಮಾಡಿದರು. ತಂಡ 37-20ರಿಂದ ಸೋತಿತು. ಡೆನ್ವರ್‌ನ ಬೋ ನಿಕ್ಸ್ ಸಿಯಾಟಲ್‌ನಲ್ಲಿ 42ರಲ್ಲಿ 26 ಪಾಸ್, ಬರೀ 138 ಯಾರ್ಡ್, ಎರಡು ಇಂಟರ್ಸೆಪ್ಶನ್. 26-20ರಿಂದ ಸೋಲು. ಮೂವರಲ್ಲಿ ಗೆದ್ದವರು ವಿಲಿಯಮ್ಸ್ ಒಬ್ಬರೇ. ಗೆಲುವಿನ ಅಳತೆ ಹಿಡಿದರೆ ಅವರೇ ಮೊದಲು.

ಋತು ಮುಗಿದಾಗ ಡೇನಿಯಲ್ಸ್ ಅವರ ತಂಡ 12-5. ಆಫೆನ್ಸ್‌ನ ವರ್ಷದ ರೂಕಿ ಪ್ರಶಸ್ತಿ ಅವರಿಗೇ ಬಂತು. ನಿಕ್ಸ್ ಅವರ ತಂಡ 10-7 ಆಡಿ ಪ್ಲೇಆಫ್‌ಗೆ ಹೋಯಿತು. ಬೇರ್ಸ್ 5-12.

ಆಮೇಲೆ ಆದದ್ದು

ಎರಡನೇ ವಾರ ಹ್ಯೂಸ್ಟನ್‌ನಲ್ಲಿ ಬೇರ್ಸ್ 19-13ರಿಂದ ಸೋತಿತು. ವಿಲಿಯಮ್ಸ್ 174 ಯಾರ್ಡ್, ಎರಡು ಇಂಟರ್ಸೆಪ್ಶನ್, ಏಳು ಸ್ಯಾಕ್. ಮೂರನೇ ವಾರ ಇಂಡಿಯಾನಾಪೊಲಿಸ್‌ನಲ್ಲಿ 52ರಲ್ಲಿ 33 ಪಾಸ್, 363 ಯಾರ್ಡ್, ಎರಡು ಟಚ್‌ಡೌನ್, ಎರಡು ಇಂಟರ್ಸೆಪ್ಶನ್. 21-16ರಿಂದ ಸೋಲು. 93 ಯಾರ್ಡ್‌ನಿಂದ 363ಕ್ಕೆ ಹದಿನೈದೇ ದಿನದಲ್ಲಿ ಬಂದರು. ಅಂದರೆ ಮೊದಲ ದಿನ ಊರನ್ನು ಕಂಗೆಡಿಸಿದ ಅಂಕಿ ಅಷ್ಟು ಬೇಗ ಮಾಯವಾಯಿತು. ಆಮೇಲೆ ಮೂರು ಸತತ ಗೆಲುವು. ಲಂಡನ್‌ನಲ್ಲಿ ಜಾಕ್ಸನ್‌ವಿಲ್ ವಿರುದ್ಧ ನಾಲ್ಕು ಟಚ್‌ಡೌನ್ ಪಾಸ್. ತಂಡ 4-2. ಆ ವಾರಗಳಲ್ಲಿ ಶಿಕಾಗೋದಲ್ಲಿ ಇದ್ದವರು ಆ ಸಂತೋಷವನ್ನು ಮರೆಯುವುದಿಲ್ಲ.

ಅಕ್ಟೋಬರ್ 27ರಂದು ವಾಷಿಂಗ್ಟನ್ ವಿರುದ್ಧ ಕೊನೆಯ ಆಟ ಶುರುವಾಗುವಾಗ ಬೇರ್ಸ್ ಮುಂದಿತ್ತು. ಡೇನಿಯಲ್ಸ್ ಎಸೆದ ಆ ದಿನದ ಕೊನೆಯ ಪಾಸ್, ಲೆಕ್ಕದಲ್ಲಿ 52 ಯಾರ್ಡ್‌ನದು, ಕೈಗಳಿಗೆ ತಾಗಿ, ನೋವಾ ಬ್ರೌನ್ ಕೈಗೆ ಬಿತ್ತು. 18-15. ಆ ಆಟ ಶುರುವಾಗುವಾಗ ಪ್ರೇಕ್ಷಕರ ಕಡೆ ತಿರುಗಿ ನಿಂತಿದ್ದವರು ಸ್ಟೀವನ್ಸನ್. ಸೆಪ್ಟೆಂಬರ್ 8ರಂದು ಗೆಲುವು ತಂದುಕೊಟ್ಟದ್ದು ಇದೇ ಸ್ಟೀವನ್ಸನ್. ಒಂದು ಆಟದ ಮೇಲೆ ಮನುಷ್ಯನನ್ನು ಹೊರುವುದು, ಇಳಿಸುವುದು ಎಷ್ಟು ಬೇಗ ಆಗುತ್ತದೆ ಎಂಬುದು ಕ್ವಾರ್ಟರ್‌ಬ್ಯಾಕ್‌ಗೆ ಮಾತ್ರ ಸೀಮಿತವಲ್ಲ.

ಅಲ್ಲಿಂದ ಸತತ ಹತ್ತು ಸೋಲು. ನವೆಂಬರ್ 10ರಂದು ನ್ಯೂ ಇಂಗ್ಲೆಂಡ್ ವಿರುದ್ಧ ಮನೆಯಂಗಳದಲ್ಲೇ 19-3ರ ಸೋಲು, ಒಂಬತ್ತು ಸ್ಯಾಕ್. ಎರಡೇ ದಿನದಲ್ಲಿ ವಾಲ್ಡ್ರನ್ ಅವರನ್ನು ತೆಗೆದರು. ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯ್ಟ್‌ನಲ್ಲಿ ಕೊನೆಯ ಸೆಕೆಂಡುಗಳು ಟೈಮ್‌ಔಟ್ ಕೇಳದೆ ಕಳೆದುಹೋಗಿ 23-20ರಿಂದ ಸೋತ ಮರುದಿನ ಮುಖ್ಯ ಕೋಚ್ ಮ್ಯಾಟ್ ಎಬರ್‌ಫ್ಲಸ್ ಅವರನ್ನೂ ತೆಗೆದರು. ಋತುವಿನ ನಡುವೆ ಮುಖ್ಯ ಕೋಚನ್ನು ತೆಗೆದದ್ದು ಬೇರ್ಸ್ ಇತಿಹಾಸದಲ್ಲಿ ಅದೇ ಮೊದಲು.

ವರ್ಷದ ಕೊನೆಗೆ ವಿಲಿಯಮ್ಸ್ ಲೆಕ್ಕ ಹೀಗಿತ್ತು: 3,541 ಯಾರ್ಡ್, 20 ಟಚ್‌ಡೌನ್, 6 ಇಂಟರ್ಸೆಪ್ಶನ್, 68 ಸ್ಯಾಕ್. 17 ಪಂದ್ಯಕ್ಕೆ 68, ಅಂದರೆ ಪ್ರತಿ ಪಂದ್ಯಕ್ಕೆ ನಾಲ್ಕು. ಆ ವರ್ಷ ಲೀಗ್‌ನಲ್ಲಿ ಇಷ್ಟು ಸಲ ಬಿದ್ದವರು ಇನ್ನೊಬ್ಬರಿಲ್ಲ. ಇದೇ ವರ್ಷ ಅವರು ಸತತವಾಗಿ ಇಂಟರ್ಸೆಪ್ಶನ್ ಇಲ್ಲದೆ ಎಸೆದ ಪಾಸ್‌ಗಳ ಸಂಖ್ಯೆ ರೂಕಿಗಳಲ್ಲಿ ಹೊಸ ದಾಖಲೆಯಾಯಿತು.

ಈ ಎರಡು ಅಂಕಿ, 6 ಮತ್ತು 68, ಜೊತೆಯಾಗಿ ಓದಬೇಕಾದವು. ನನ್ನ ಸುತ್ತಲಿನ ಅಭಿಮಾನಿಗಳು ಬಿಡಿಬಿಡಿಯಾಗಿ ಓದಿದರು. 6 ಬಂದದ್ದು ಹುಡುಗನ ಜಾಣತನದಿಂದ, 68 ಬಂದದ್ದು ಲೈನ್‌ನ ದೆಸೆಯಿಂದ. ಒಳ್ಳೆಯದೆಲ್ಲ ನಮ್ಮವನದು, ಕೆಟ್ಟದ್ದೆಲ್ಲ ಬೇರೆಯವರದ್ದು. ಫೀಲ್ಡ್ಸ್ ವಿಷಯದಲ್ಲೂ ಹೀಗೇ ಓದಿದ್ದೆವು. ಲೈನ್ ಕೆಟ್ಟದಾಗಿತ್ತು, ಅದರಲ್ಲಿ ಅನುಮಾನವೇ ಇಲ್ಲ. ಕೋಚ್‌ಗಳ ಗೊಂದಲವೂ ನಿಜ. ಆದರೆ ಅಪಾಯದ ಪಾಸ್ ಎಸೆಯಲು ಹಿಂಜರಿದು ಇನ್ನೊಂದು ಕ್ಷಣ ಕಾಯುವ ಅಭ್ಯಾಸ ಎರಡೂ ಅಂಕಿಗಳನ್ನು ಹೆತ್ತಿದೆ. ಇಂಟರ್ಸೆಪ್ಶನ್ ಕಡಿಮೆ ಮಾಡಿದ್ದೂ ಅದೇ, ಸ್ಯಾಕ್ ಜಾಸ್ತಿ ಮಾಡಿದ್ದೂ ಅದೇ. ಸೆಪ್ಟೆಂಬರ್ 8ರ ಸಂಜೆ ಸೊನ್ನೆ ಇಂಟರ್ಸೆಪ್ಶನ್ ಎಂದು ಸಮಾಧಾನಪಟ್ಟಾಗ, ಪಕ್ಕದ 29 ಯಾರ್ಡ್‌ನಲ್ಲಿ ಇದೇ ಮಾತು ಬರೆದಿತ್ತು.

ಒಂದು ಪಂದ್ಯ ಎಷ್ಟು ಹೇಳಬಲ್ಲದು

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೊದಲ ಪಂದ್ಯದಿಂದ ಒಬ್ಬರ ಮುಂದಿನ ದಾರಿ ಹೇಳಲು ಹೋದವರು ಯಾವಾಗಲೂ ಎಡವಿದ್ದಾರೆ. ಡೆನ್ವರ್‌ನ ಜಾನ್ ಎಲ್ವೇ 1983ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮೊದಲ ಪಂದ್ಯ ಆಡಿದಾಗ 8ರಲ್ಲಿ 1 ಪಾಸ್, 14 ಯಾರ್ಡ್. ಅವರನ್ನು ಹೊರಗೆ ಕೂರಿಸಿ ಸ್ಟೀವ್ ಡಿಬರ್ಗ್ ಅವರನ್ನು ಇಳಿಸಿದರು, ತಂಡ 14-10ರಿಂದ ಗೆದ್ದಿತು. ಆ ಎಲ್ವೇ ಮುಂದೆ ಎರಡು ಸೂಪರ್ ಬೌಲ್ ಗೆದ್ದರು. 1989ರಲ್ಲಿ ಟ್ರಾಯ್ ಏಕ್‌ಮನ್ ಮೊದಲ ಪಂದ್ಯದಲ್ಲೇ 28-0ರಿಂದ ಸೋತರು, ಆಮೇಲೆ ಮೂರು ಸೂಪರ್ ಬೌಲ್. ಇನ್ನೊಂದು ಕಡೆ ಟೈಟನ್ಸ್‌ನ ಮಾರ್ಕಸ್ ಮರಿಯೋಟ 2015ರಲ್ಲಿ ಮೊದಲ ಪಂದ್ಯದಲ್ಲೇ ನಾಲ್ಕು ಟಚ್‌ಡೌನ್ ಎಸೆದು ಪೂರ್ತಿ 158.3 ರೇಟಿಂಗ್ ಪಡೆದರು. 2019ರಲ್ಲಿ ಅದೇ ತಂಡ ಅವರನ್ನು ಬೆಂಚಿಗೆ ಕಳಿಸಿತು.

ಹಾಗಾದರೆ ನೋಡುವುದಾದರೂ ಏನನ್ನು? ಫಲಿತಾಂಶ ಬಿಟ್ಟು ತೀರ್ಮಾನಗಳನ್ನು ನೋಡಬಹುದು. ಪಾಸ್ ಗುರಿ ತಪ್ಪಿತು ಎನ್ನುವಾಗ, ಎಸೆಯಬೇಕಾದವರಿಗೇ ಎಸೆದು ತಪ್ಪಿತೋ, ಎಸೆಯಬಾರದವರಿಗೆ ಎಸೆದು ತಪ್ಪಿತೋ? ಮೊದಲನೆಯದು ಅಭ್ಯಾಸದಿಂದ ಸರಿಹೋಗುವ ತಪ್ಪು. ಸ್ಯಾಕ್ ಆಯಿತು ಎನ್ನುವಾಗ, ಚೆಂಡು ಕೈಗೆ ಬಂದು ಎಷ್ಟು ಹೊತ್ತಾಗಿತ್ತು? ಎರಡು ಸೆಕೆಂಡಿನೊಳಗೆ ಬಿದ್ದರೆ ಲೈನ್ ಕಡೆ ನೋಡಬೇಕು. ನಾಲ್ಕು ಸೆಕೆಂಡ್ ದಾಟಿದ್ದರೆ ಕ್ವಾರ್ಟರ್‌ಬ್ಯಾಕ್ ಕಡೆ. ಟಿವಿ ಮುಂದೆ ಕೂತು ಬಾಯಲ್ಲಿ ಎಣಿಸಿದರೂ ಇದು ಗೊತ್ತಾಗುತ್ತದೆ. ದೊಡ್ಡ ಪರಿಣತಿ ಬೇಕಿಲ್ಲ. ಹೀಗೆ ನೋಡಿದ್ದರೆ ಆ ಸಂಜೆಯ ತೀರ್ಪು ಸರಳವಾಗಿರುತ್ತಿತ್ತು: ತಂಡ ಗೆದ್ದಿತು, ಹುಡುಗ ಚೆನ್ನಾಗಿ ಆಡಲಿಲ್ಲ, ಪಾಸ್‌ಗಳು ಸುಧಾರಿಸುತ್ತವೆ, ಚೆಂಡು ಬಿಡುವುದನ್ನು ಯಾರಾದರೂ ಬೇಗ ಕಲಿಸಬೇಕು. ಆ ಹುಡುಗ ಅಂಕಲ್ ಎಂದು ಕೇಳಿದಾಗ ನಾನು ಹೇಳಿದ್ದೂ ಹೆಚ್ಚುಕಮ್ಮಿ ಇಷ್ಟೇ. ಅವನಿಗೆ ಪೂರ್ತಿ ಸಮಾಧಾನ ಆಗಲಿಲ್ಲ.

2025ರ ಜನವರಿಯಲ್ಲಿ ಡೆಟ್ರಾಯ್ಟ್‌ನ ಆಫೆನ್ಸ್ ನಡೆಸುತ್ತಿದ್ದ ಬೆನ್ ಜಾನ್ಸನ್ ಮುಖ್ಯ ಕೋಚ್ ಆಗಿ ಬಂದರು. ಮಾರ್ಚ್‌ನಲ್ಲಿ ಲೈನ್‌ನ ನಡುವಿನ ಮೂರೂ ಜಾಗಕ್ಕೆ ಜೋ ಥೂನಿ, ಡ್ರೂ ಡಾಲ್‌ಮನ್, ಜೋನಾ ಜಾಕ್ಸನ್ ಬಂದರು. ಆ ಋತುವಿನಲ್ಲಿ ವಿಲಿಯಮ್ಸ್ ಸ್ಯಾಕ್ ಆದದ್ದು ಹಿಂದಿನ ವರ್ಷದ ಅರ್ಧಕ್ಕಿಂತ ಕಡಿಮೆ. ಅವರು ಎಸೆದ 3,942 ಯಾರ್ಡ್ ಕ್ರೇಮರ್ ಅವರ 30 ವರ್ಷದ ದಾಖಲೆಯನ್ನು ದಾಟಿತು. ತಂಡ ತನ್ನ ವಿಭಾಗವಾದ ಎನ್‌ಎಫ್‌ಸಿ ನಾರ್ತ್ ಗೆದ್ದಿತು. ಪಾಸ್ ಗುರಿ ಮುಟ್ಟಿದ ಪ್ರಮಾಣ ಮಾತ್ರ ಶೇಕಡಾ 62.5ರಿಂದ 60ರ ಕೆಳಗೆ ಇಳಿಯಿತು. ಕೆಡವಲು ಬಂದಾಗ ನಿಯಮ ಮೀರದೆ ಚೆಂಡನ್ನು ಗೆರೆಯಾಚೆ ಎಸೆದು ಬಿಟ್ಟರೆ ಒಂದು ಯಾರ್ಡೂ ನಷ್ಟವಾಗುವುದಿಲ್ಲ, ಆದರೆ ಲೆಕ್ಕದ ಪುಸ್ತಕದಲ್ಲಿ ಅದು ಗುರಿ ತಪ್ಪಿದ ಪಾಸ್. ಶಿಕಾಗೋದಲ್ಲಿ ಈಗ ವಾದ ನಡೆಯುತ್ತಿರುವುದು ಆ ಶೇಕಡಾ ಅಂಕಿಯ ಮೇಲೆ.